ಕೇಳದೆ ಬಂದ ಗಾನ

ಕಳೆದ ತಿಂಗಳು ಒಂದು ಶನಿವಾರ ರಾತ್ರಿ ಊಟವಾದ ಮೇಲೆ ನಾವು ನಡುಮನೆಯಲ್ಲಿ ಕುಳಿತು ಹಳೆಯದೊಂದು ಹಾಡನ್ನು ಕೇಳುತ್ತಿದ್ದೆವು. ಎಂಟು ವರುಷದ ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತು ಕಿವಿಗೊಟ್ಟು, “ತಾತ, ಇದು ಹೊಸ ಹಾಡಾ?” ಎಂದಳು. “ಇಲ್ಲಮ್ಮ, ಬಲು ಹಳೆಯದು, ನಿಮ್ಮಮ್ಮ ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನದು” ಎಂದೆವು. “ನಾನು ಕೇಳೇ ಇರಲಿಲ್ಲವಲ್ಲ! ಹಾಗಾದರೆ ನನಗೆ ಹೊಸದೇ” ಎಂದು ತೀರ್ಪು ಹೇಳಿ ಅವಳು ಮಲಗಲು ಎದ್ದುಹೋದಳು.

ಮೂವತ್ತು ವರುಷಕ್ಕೂ ಮೇಲ್ಪಟ್ಟು ಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿದ ನಮಗೆ ಆ ತೀರ್ಪಿನಲ್ಲಿ ತಪ್ಪು ಹಿಡಿಯುವುದು ಸಾಧ್ಯವಾಗಲಿಲ್ಲ. ಹಳೆಯದು ಹೊಸದು ಎಂಬ ಭೇದವು ಗಾನದಲ್ಲಿ ಇರುವುದಕ್ಕಿಂತಲೂ ಕೇಳುವವನ ಕಿವಿಯಲ್ಲಿ ಇರುವುದೆಂಬುದನ್ನು ಆ ಮಗು ಒಂದೇ ಮಾತಿನಲ್ಲಿ ಹೇಳಿತು. ನಾವು ಅದನ್ನು ತಿಳಿಯಲು ಬಹಳ ವರುಷಗಳು ಹಿಡಿದುವು. ನಮಗೆ ಅದನ್ನು ಕಲಿಸಿದುದು ಯಾವ ಗ್ರಂಥವೂ ಅಲ್ಲ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ರೇಡಿಯೋವಿನ ಒಂದು ಕಾರ್ಯಕ್ರಮ. ಈ ತಿಂಗಳು ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇವೆ. ಅದರೊಡನೆ ನಮ್ಮದೊಂದು ಬಾಲ್ಯದ ಅಪರಾಧವನ್ನೂ ಒಪ್ಪಿಕೊಳ್ಳಬೇಕಾಗಿದೆ.

ಆಕಾಶವಾಣಿಯೆಂಬ ಹೆಸರು ನಮ್ಮ ಮೈಸೂರಿನದೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿಯಲ್ಲಿ ತಮ್ಮ ಮನೆಯಿಂದಲೇ ಮೊದಲುಮಾಡಿದ ಬಾನುಲಿ ನಿಲಯಕ್ಕೆ ಆ ಹೆಸರಿದ್ದಿತು. ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಯೇ ಅದನ್ನು ತನ್ನದಾಗಿ ಮಾಡಿಕೊಂಡಿತು. ದೇಶವು ಸ್ವತಂತ್ರವಾಗಿ ಸಂಸ್ಥಾನಗಳೆಲ್ಲ ವಿಲೀನವಾದ ಮೇಲೆ ಅರಮನೆಗಳ ಆಶ್ರಯದಲ್ಲಿದ್ದ ವಿದ್ವಾಂಸರಿಗೆ ಆಧಾರ ತಪ್ಪಿತು. ಆ ಸ್ಥಾನಕ್ಕೆ ಬಹುಮಟ್ಟಿಗೆ ಬಂದುದು ರೇಡಿಯೋ. 1952ನೆಯ ಇಸವಿಯಲ್ಲಿ ‘ರಾಷ್ಟ್ರೀಯ ಸಂಗೀತ ಕಾರ್ಯಕ್ರಮ’ವೆಂಬುದು ಆರಂಭವಾಯಿತು. ಶನಿವಾರ ರಾತ್ರಿ ಒಂಬತ್ತೂವರೆ ಗಂಟೆಗೆ ಮೊದಲಾಗಿ ಒಂದೂವರೆ ಗಂಟೆಯ ಕಾಲ ನಡೆಯುತ್ತಿದ್ದ ಆ ಕಚೇರಿಯನ್ನು ದಿಲ್ಲಿಯಿಂದ ಪಡೆದು ದೇಶದ ನಿಲಯಗಳೆಲ್ಲ ಏಕಕಾಲದಲ್ಲಿ ಬಿತ್ತರಿಸುತ್ತಿದ್ದುವು. ಒಮ್ಮೆ ಹಿಂದುಸ್ತಾನಿ, ಒಮ್ಮೆ ಕರ್ನಾಟಕ. ಒಮ್ಮೆ ಗಾಯನ, ಒಮ್ಮೆ ವಾದನ. ಕಾಶಿಯಲ್ಲಿರುವವನು ಮೃದಂಗವನ್ನು ಕೇಳಬೇಕು, ಕುಂಭಕೋಣದಲ್ಲಿರುವವನು ತಬಲೆಯನ್ನು ಕೇಳಬೇಕು ಎಂಬುದೇ ಅದರ ಸೊಗಸು. ತನಗೆ ಬೇಕಾದುದನ್ನೇ ಕೇಳುವೆನೆನ್ನುವವನಿಗೆ ಅಲ್ಲಿ ಎಡೆಯಿರಲಿಲ್ಲ.

ನಮ್ಮ ತೀರ್ಥರೂಪರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರು ಮನೆಗೆ ರೇಡಿಯೋವನ್ನು ತಂದಾಗ ನಮಗೆ ಏಳು ವರುಷ. ಹೆಂಚಿನ ಮೇಲೆ ಏರಿಯಲ್ ತಂತಿಯನ್ನು ಎಳೆದು ಕಟ್ಟಿದುದೂ, ಪೆಟ್ಟಿಗೆಗೆ ಅಕ್ಕ ಕಸೂತಿಯ ಮುಸುಕನ್ನು ಹೊಲಿದುದೂ, ವರುಷಕ್ಕೊಮ್ಮೆ ಅಂಚೆಯ ಮನೆಗೆ ಹೋಗಿ ಪರವಾನಗಿಯ ಹಣವನ್ನು ಕಟ್ಟಿ ಬರುತ್ತಿದ್ದುದೂ ಇನ್ನೂ ನೆನಪಿನಲ್ಲಿವೆ. ಅದರ ಗುಂಡಿಯನ್ನು ಮುಟ್ಟುವ ಅಧಿಕಾರ ತೀರ್ಥರೂಪರೊಬ್ಬರಿಗೇ. ವಾರ್ತೆಗಳು, ಬೆಳಗಿನ ಗೀತಾರಾಧನೆ, ಸಂಜೆಯ ಕೃಷಿರಂಗ, ಶನಿವಾರ ರಾತ್ರಿಯ ಕಚೇರಿ, ಇಷ್ಟಕ್ಕೆ ಮಾತ್ರ ಅಪ್ಪಣೆ. ಸಿನಿಮಾ ಹಾಡು ನಮ್ಮ ಹೊಸಿಲನ್ನು ದಾಟಿ ಒಳಗೆ ಬರಕೂಡದು.

ತೀರ್ಥರೂಪರು ಕರ್ನಾಟಕ ಸಂಗೀತದಲ್ಲಿ ಒಳ್ಳೆಯ ರಸಿಕರು. ತಾವೇ ವರ್ಣಗಳನ್ನೂ ಕೆಲವು ಕೀರ್ತನೆಗಳನ್ನೂ ಹೇಳಿಕೊಂಡಿದ್ದವರು. ಹಿಂದುಸ್ತಾನಿ ಎಂದರೆ ಅವರಿಗೆ ಮೊದಲು ತಾತ್ಸಾರವಿದ್ದಿತು. “ಒಂದು ಅಕ್ಷರವನ್ನು ಹಿಡಿದುಕೊಂಡು ಅರ್ಧ ಗಂಟೆ ಎಳೆದರೆ ಅದು ಗಾನವೋ ರಬ್ಬರೋ?” ಎಂದು ನಗುವರು. ಆದರೂ ಹಣ ಕಟ್ಟಿದ ರೇಡಿಯೋ, ಬಂದುದನ್ನು ಬಿಡುವಂತಿಲ್ಲ. ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವನು ಬಡಿಸಿದುದನ್ನೆಲ್ಲ ಒಂದಿಷ್ಟು ರುಚಿ ನೋಡಲೇಬೇಕಷ್ಟೆ. ಅದೇ ಮರ್ಯಾದೆಯಿಂದ ಅವರು ಎರಡು ವಾರಕ್ಕೊಮ್ಮೆಯಾದರೂ ಹಿಂದುಸ್ತಾನಿಯನ್ನು ಸಹಿಸಿಕೊಂಡು ಕುಳಿತಿರುತ್ತಿದ್ದರು.

ಅವರು ಒಂದು ದಿನವಹಿಯ ಪುಸ್ತಕವನ್ನಿಟ್ಟಿದ್ದರು. ಶನಿವಾರದ ತಾರೀಖು, ವಿದ್ವಾಂಸರ ಹೆಸರು, ರಾಗ, ಕೊನೆಗೆ ಒಂದೆರಡು ಶಬ್ದಗಳ ಷರಾ. ಗುಮಾಸ್ತರ ಅಭ್ಯಾಸ! ಆ ಪುಸ್ತಕವು ಈಗ ನಮ್ಮ ಮೇಜಿನ ಮೇಲಿದೆ. ಮೊದಲ ವರುಷದಲ್ಲಿ ಹಿಂದುಸ್ತಾನಿಯ ಎದುರಿನ ಷರಾ ಹೆಚ್ಚಾಗಿ ಒಂದೇ: ‘ದೀರ್ಘ’.

ಅನಂತರ ಒಂದು ಶನಿವಾರ ಸೋಜಿಗವಾಯಿತು. ನಿರೂಪಕರು ‘ಹಿಂದೋಲ್’ ಎಂದರು. ತೀರ್ಥರೂಪರಿಗೆ ಹಿಂದೋಲವು ಅಚ್ಚುಮೆಚ್ಚು, ನೆಟ್ಟಗೆ ಕುಳಿತರು. ಬಂದುದು ಬೇರೆ, ಅದರಲ್ಲಿ ಮಧ್ಯಮವು ತೀವ್ರ, ಗಾಂಧಾರವು ಶುದ್ಧ. “ಇವರಿಗೆ ರಾಗದ ಹೆಸರೇ ಗೊತ್ತಿಲ್ಲ” ಎಂದು ಎದ್ದುಹೋದರು. ಕೆಲವು ವಾರಗಳ ಮೇಲೆ ‘ಮಾಲಕಂಸ’ ಎಂದು ಸಾರಿದರು. ಷಡ್ಜದ ಮೇಲೆ ನಿಂತು ಗಾಯಕನು ಮಧ್ಯಮವನ್ನು ಮುಟ್ಟಿದುದೇ ತಡ, ತೀರ್ಥರೂಪರ ಮುಖ ಬದಲಾಯಿತು. “ಇದೇ ಕಣೋ ನಮ್ಮ ಹಿಂದೋಲ!” ಎಂದು ಮಗುವಿನಂತೆ ಕೂಗಿದರು. ಅಲ್ಲಿಂದ ಮುಂದೆ ಆ ಪುಸ್ತಕದಲ್ಲಿ ಹೊಸ ಅಂಕಣವೊಂದು ಹುಟ್ಟಿತು. ಅವರ ಭೂಪವು ನಮ್ಮ ಮೋಹನ, ಅವರ ದುರ್ಗಾ ನಮ್ಮ ಶುದ್ಧಸಾವೇರಿ, ಅವರ ತೋಡಿಯು ನಮ್ಮ ಶುಭಪಂತುವರಾಳಿಗೆ ಹತ್ತಿರ, ನಮ್ಮ ತೋಡಿಯು ಅವರ ಭೈರವಿಗೆ ಹತ್ತಿರ, ಹೀಗೆ. ಹೆಸರು ಒಂದೇ ಆದರೆ ರೂಪ ಬೇರೆ. ಹೆಸರು ಬೇರೆಯಾದರೆ ರೂಪ ಒಂದೇ. ನಾಮರೂಪಗಳಿಗೆ ಮೋಸಹೋಗಬಾರದೆಂದು ವೇದಾಂತಿಗಳು ಹೇಳಿದುದನ್ನು ನಾವು ಮೊದಲು ಕಂಡುಕೊಂಡುದು ರೇಡಿಯೋವಿನ ಮುಂದೆ.

ಇನ್ನು ಅಕ್ಕನ ಮಾತು. ಅಕ್ಕ ನಮಗಿಂತ ಆರು ವರುಷಕ್ಕೆ ಹಿರಿಯಳು. ಅವಳ ಕಂಠವು ಇಂಪಾಗಿದ್ದಿತು. ಒಮ್ಮೆ ಕೇಳಿದ ಹಾಡನ್ನು ಎರಡನೆಯ ಸಲ ತಾನೇ ಹಾಡಿಬಿಡುವಳು. ಅವಳಿಗೆ ಮೆಚ್ಚುಗೆಯಾದುವು ಚಿತ್ರಗೀತೆಗಳು. ನಮ್ಮ ಮನೆಯಲ್ಲಿ ಅವಕ್ಕೆ ಬಹಿಷ್ಕಾರವಿದ್ದುದರಿಂದ ಸಂಜೆ ನೆರೆಮನೆಗೆ ಹೂ ಕಟ್ಟುವ ನೆವದಿಂದ ಹೋಗಿ ಅಲ್ಲಿಯ ರೇಡಿಯೋವಿನಲ್ಲಿ ಕೇಳಿ ಬರುವಳು.

ತೀರ್ಥರೂಪರ ಕಟ್ಟುನಿಟ್ಟು ಅವರೊಬ್ಬರದೇ ಆಗಿರಲಿಲ್ಲ. ಶನಿವಾರದ ಕಚೇರಿಯನ್ನು ನಮಗೆ ಕೊಟ್ಟ ಕಾಲದ ಹಿರಿಯರಿಗೂ ಅದೇ ಮತವಿದ್ದಿತು. 1952ರಿಂದ 1962ರ ವರೆಗೆ ಪ್ರಸಾರಶಾಖೆಯ ಸಚಿವರಾಗಿದ್ದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತಕ್ಕೆ ಬಾಗಿಲನ್ನು ತೆರೆದವರೂ ಹೌದು, ಸಿನಿಮಾ ಹಾಡಿಗೆ ಬಾಗಿಲನ್ನು ಮುಚ್ಚಿದವರೂ ಹೌದು. ಫಲವೇನು? ಅದೇ 1952ರಲ್ಲಿ ಸಿಂಹಳದ್ವೀಪದ ರೇಡಿಯೋ ನಿಲಯದಿಂದ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಮೊದಲಾಯಿತು. ಬುಧವಾರ ರಾತ್ರಿಯಾಯಿತೆಂದರೆ ದೇಶಕ್ಕೆ ದೇಶವೇ ಕಡಲಿನಾಚೆಗೆ ಕಿವಿಗೊಟ್ಟು ಕುಳಿತಿತು. ಕೊನೆಗೆ 1957ನೆಯ ಅಕ್ಟೋಬರ್ 3ರಂದು ಆಕಾಶವಾಣಿಯೇ ‘ವಿವಿಧ ಭಾರತಿ’ಯನ್ನು ಆರಂಭಿಸಿ ಚಿತ್ರಗೀತೆಗಳನ್ನು ಒಳಗೆ ಕರೆಯಬೇಕಾಯಿತು. ಹಾರ್ಮೋನಿಯಂ ವಾದ್ಯಕ್ಕೂ 1940ರಿಂದ ಸುಮಾರು ಮೂವತ್ತು ವರುಷಗಳ ಕಾಲ ಆಕಾಶವಾಣಿಯಲ್ಲಿ ಪ್ರವೇಶವಿರಲಿಲ್ಲ. ಕಿವಿಗಳನ್ನು ತಿದ್ದುವ ಉದ್ದೇಶವೇನೋ ಒಳ್ಳೆಯದು. ಆದರೆ ಬಾಗಿಲನ್ನು ತೆರೆಯುವುದರಿಂದ ಆದಷ್ಟು ಉಪಕಾರವು ಬಾಗಿಲನ್ನು ಮುಚ್ಚುವುದರಿಂದ ಆಗಲಿಲ್ಲ.

ಒಂದು ದಿನ ಅಕ್ಕ ಬಾವಿಯ ಕಟ್ಟೆಯ ಬಳಿ ನೀರು ಸೇದುತ್ತ ಸಿನಿಮಾ ಹಾಡೊಂದನ್ನು ಗಂಟಲು ಬಿಟ್ಟು ಹಾಡುತ್ತಿದ್ದಳು. ಯಾವುದೋ ಕ್ಷುಲ್ಲಕ ಕಾರಣಕ್ಕಾಗಿ ನಮಗೂ ಅವಳಿಗೂ ಅಂದು ಜಗಳವಾಗಿದ್ದಿತು. ನಾವು ಓಡಿಹೋಗಿ ತೀರ್ಥರೂಪರಿಗೆ ಚಾಡಿ ಹೇಳಿದೆವು; ನೆರೆಮನೆಯ ಗುಟ್ಟನ್ನೂ ಬಯಲುಮಾಡಿದೆವು. ಅವರು ಹೊಡೆಯಲಿಲ್ಲ, ಕೂಗಾಡಲೂ ಇಲ್ಲ. “ಮರ್ಯಾದಸ್ಥರ ಮನೆಯಲ್ಲಿ ಇಂಥ ಹಾಡು ಬೇಡ” ಎಂದು ಮೆಲ್ಲನೆ ಹೇಳಿದರು. ಅಕ್ಕ ತಲೆ ತಗ್ಗಿಸಿ ಒಳಗೆ ಹೋದಳು. ಅಂದಿನಿಂದ ಅವಳು ಆ ಮನೆಯಲ್ಲಿ ಹಾಡಲಿಲ್ಲ. ಸಿನಿಮಾ ಹಾಡನ್ನೂ ಇಲ್ಲ, ದೇವರ ನಾಮವನ್ನೂ ಇಲ್ಲ. ಗೌರಿಯ ಹಬ್ಬದಲ್ಲಿ ಆರತಿಗೆ ಹಾಡೆಂದು ತಾಯಿಯವರು ಕೇಳಿಕೊಂಡರೂ “ಗಂಟಲು ಕಟ್ಟಿದೆ” ಎಂದಳು. ನಮಗಾಗ ಹನ್ನೆರಡು ವರುಷ. ಗೆದ್ದೆವೆಂಬ ಹಿಗ್ಗು ಎರಡು ದಿನವಿದ್ದಿತು. ಮೂರನೆಯ ದಿನ ಬಾವಿಯ ಕಟ್ಟೆಯಲ್ಲಿ ರಾಟೆಯ ಶಬ್ದವೊಂದೇ ಕೇಳಿಸಿದಾಗ ಹೊಟ್ಟೆಯಲ್ಲಿ ಏನೋ ಆಯಿತು.

ಅದಾದ ಕೆಲವು ತಿಂಗಳ ಮೇಲೆ ಒಂದು ಶನಿವಾರ ಪಂಡಿತ ಭೀಮಸೇನ ಜೋಶಿಯವರ ಗಾಯನವು ಬಂದಿತು. ಅಷ್ಟು ಹೊತ್ತಿಗೆ ತೀರ್ಥರೂಪರು ಹಿಂದುಸ್ತಾನಿಯ ಭಕ್ತರೇ ಆಗಿದ್ದರು. ಗದಗಿನ ಕಡೆಯ ನಮ್ಮವರು ಎಂಬ ಹೆಮ್ಮೆ ಬೇರೆ. ಆ ರಾತ್ರಿ ಅವರು ಕಣ್ಣು ಮುಚ್ಚಿ, ಒಂದೂವರೆ ಗಂಟೆ ಅಲುಗದೆ ಕೇಳಿದರು. ಕಚೇರಿ ಮುಗಿದ ಮೇಲೆ, “ಇದಲ್ಲವೇ ಸಂಗೀತ! ಸಿನಿಮಾದವರು ಏಳು ಜನ್ಮವೆತ್ತಿದರೂ ಇದು ಬರುವುದಿಲ್ಲ” ಎಂದರು. ಅಡಿಗೆಯ ಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ, ಅವರ ಮುಖವನ್ನು ನೋಡದೆ, “ಅಪ್ಪ, ಇವರೇ ಸಿನಿಮಾದಲ್ಲೂ ಹಾಡಿದಾರೆ. ಸಂಧ್ಯಾರಾಗ ಅಂತ. ಬಾಲಮುರಳಿಯವರೂ ಹಾಡಿದಾರೆ” ಎಂದಳು.

ಅಕ್ಕ ಹೇಳಿದುದು ನಿಜ. ಅ. ನ. ಕೃಷ್ಣರಾಯರ ಕಾದಂಬರಿಯಿಂದ 1966ರಲ್ಲಿ ತೆಗೆದ ಆ ಕನ್ನಡ ಚಿತ್ರದಲ್ಲಿ ಉತ್ತರಾದಿಯ ಭೀಮಸೇನ ಜೋಶಿಯವರೂ ದಕ್ಷಿಣಾದಿಯ ಬಾಲಮುರಳಿಕೃಷ್ಣರೂ ಹಾಡಿದ್ದಾರೆ. ಎರಡು ಪದ್ಧತಿಗಳನ್ನು ಒಂದೆಡೆಗೆ ತರುವ ಕಾರ್ಯವನ್ನು ದಿಲ್ಲಿಯ ಕಾರ್ಯಕ್ರಮವು ಮಾಡುತ್ತಿದ್ದಂತೆಯೇ ನಮ್ಮ ಕನ್ನಡದ ಚಿತ್ರವೊಂದೂ ಮಾಡಿದ್ದಿತು. ಬಹಿಷ್ಕಾರ ಹಾಕಿದ್ದ ಬಾಗಿಲಿನ ಹೊರಗೆ ಅದು ನಿಂತಿದ್ದುದರಿಂದ ತೀರ್ಥರೂಪರು ಕಂಡಿರಲಿಲ್ಲ; ನೆರೆಮನೆಯ ಜಗಲಿಯಲ್ಲಿ ಕುಳಿತ ಅಕ್ಕ ಕಂಡಿದ್ದಳು.

ತೀರ್ಥರೂಪರು ಉತ್ತರ ಕೊಡಲಿಲ್ಲ. ರೇಡಿಯೋವನ್ನು ಆರಿಸಿ, ಮುಸುಕನ್ನು ಹಾಕಿ, ಲಾಂದ್ರದ ಬೆಳಕಿನಲ್ಲಿ ಪುಸ್ತಕವನ್ನು ಬರೆದು ಮಲಗಿದರು. ಮರುವರುಷ ಅಕ್ಕನ ವಿವಾಹವಾಯಿತು. ತೀರ್ಥರೂಪರು 1998ರಲ್ಲಿ ತೀರಿಕೊಂಡರು.

ನಾವು ಈ ಕಥೆಯನ್ನು ಕಟ್ಟಿಡದೆ ನಡುವೆ ಒಂದು ವಿಚಾರವನ್ನು ಹೇಳಬೇಕು. ಹಳೆಯದರಲ್ಲಿ ಅಭಿಮಾನವಿರುವ ನಮ್ಮಂಥವರು ಒಂದನ್ನು ಮರೆಯುತ್ತೇವೆ: ನಮ್ಮ ಹಳೆಯದೆಲ್ಲ ಒಂದು ಕಾಲಕ್ಕೆ ಹೊಸದಾಗಿದ್ದಿತು. ಪಿಟೀಲಿಲ್ಲದ ಕರ್ನಾಟಕ ಕಚೇರಿಯನ್ನು ನಾವಿಂದು ಊಹಿಸಲಾರೆವು. ಆದರೆ ಅದು ಐರೋಪ್ಯರಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರೇ ಮೊದಲಾದವರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿ ಇನ್ನೂ ಇನ್ನೂರು ವರುಷಗಳ ಸುಮಾರಷ್ಟೆ. ಹಂಸಧ್ವನಿಯು ಅನಾದಿಯಾದ ರಾಗವೆಂದು ನಮಗೆ ತೋರುವುದು. ಅದನ್ನು ಕಲ್ಪಿಸಿದವರು ಆ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರೆಂಬುದು ವಿದ್ವಾಂಸರ ಮಾತು. ಈಗ ಅದು ಹಿಂದುಸ್ತಾನಿಯವರಿಗೂ ಸ್ವಂತವಾಗಿದೆ. ಬೆಲ್ಜಿಯಂ ದೇಶದ ಸಾಕ್ಸ್ ಎಂಬಾತನು 1846ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೋಫೋನು ನಮ್ಮಲ್ಲಿ ಬ್ಯಾಂಡಿನವರ ವಾದ್ಯವೆನಿಸಿದ್ದಿತು. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮರುಳಾದ ಕದ್ರಿ ಗೋಪಾಲನಾಥರು (1949–2019), ನಾಗಸ್ವರದ ಮನೆತನದಲ್ಲಿ ಹುಟ್ಟಿದವರು, ಅದರಲ್ಲಿ ಕೀರ್ತನೆಗಳನ್ನು ನುಡಿಸಿ ಸಭೆಗಳನ್ನು ಗೆದ್ದರು. ರೇಡಿಯೋವಿನಲ್ಲಿ ವಾದ್ಯವು ಕಣ್ಣಿಗೆ ಕಾಣದು. ಆದುದರಿಂದ ಕಿವಿಯು ಪಕ್ಷಪಾತವಿಲ್ಲದೆ ತೀರ್ಪು ಕೊಡುವುದು. ಕಂಡು ಕೇಳಿದ್ದರೆ ಮೂಗು ಮುರಿಯುತ್ತಿದ್ದವರು ಕಾಣದೆ ಕೇಳಿ ತಲೆದೂಗಿದರು.

ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯನ್ನು ನಾವು ಎಷ್ಟೋ ವರುಷ ಪಾಠ ಹೇಳಿದ್ದೇವೆ. ಭಾಸನೇ ಮೊದಲಾದ ಪ್ರಖ್ಯಾತರಿರಲಾಗಿ ಈಗಿನ ಕಾಲದ ಕಾಳಿದಾಸನ ನಾಟಕವೇಕೆಂದು ಅಲ್ಲಿ ಪಾರಿಪಾರ್ಶ್ವಕನು ಕೇಳುವನು. ಪರೀಕ್ಷಿಸಿ ನೋಡದೆ ಹಳೆಯದೆಂದು ಹೊಗಳುವುದೂ ಹೊಸದೆಂದು ಹಳಿಯುವುದೂ ಸಲ್ಲದೆಂಬುದು ಸೂತ್ರಧಾರನ ಉತ್ತರದ ತಾತ್ಪರ್ಯ. ಈ ಪಾಠವನ್ನು ಹೇಳುತ್ತಿದ್ದಾಗಲೆಲ್ಲ ನಮಗೆ ಬಾವಿಯ ಕಟ್ಟೆಯ ನೆನಪಾಗಬೇಕಾಗಿದ್ದಿತು; ಆಗಲಿಲ್ಲ. ಪರೀಕ್ಷೆಗೆ ಬರುವ ಶ್ಲೋಕವೆಂದು ಮಕ್ಕಳಿಗೆ ಗುರುತು ಹಾಕಿಸಿ ಮುಂದಕ್ಕೆ ಹೋಗುತ್ತಿದ್ದೆವು.

ಹಳೆಯ ಮನೆಯನ್ನು ಖಾಲಿಮಾಡುವಾಗ ತೀರ್ಥರೂಪರ ಪುಸ್ತಕವು ನಮ್ಮ ಕೈಗೆ ಬಂದಿತು. ಕಟ್ಟಿಟ್ಟು ಮರೆತಿದ್ದೆವು. ನಿವೃತ್ತರಾದ ಮೇಲೆ ಬಿಚ್ಚಿ ಮೊದಲಿನಿಂದ ಓದಿದೆವು. ಭೀಮಸೇನ ಜೋಶಿಯವರ ಆ ಶನಿವಾರದ ಎದುರಿಗೆ ‘ಅಮೋಘ’ ಎಂಬ ಷರಾ ಇದೆ. ಅದರ ಕೆಳಗೆ ಬೇರೆ ಮಸಿಯಲ್ಲಿ, ಸಣ್ಣ ಅಕ್ಷರಗಳಲ್ಲಿ ಹೀಗೆ ಬರೆದಿದ್ದಾರೆ: ‘ಇವರು ಸಿನಿಮಾದಲ್ಲಿಯೂ ಹಾಡಿರುವುದಾಗಿ ಮಗಳಿಂದ ತಿಳಿಯಿತು. ಅನಂತರ ಹೋಟೆಲಿನಲ್ಲಿ ಕೇಳಿದೆ. ಚೆನ್ನಾಗಿದೆ. ಅವಳು ಹೇಳಿದುದು ಸರಿ.’

ಕಳೆದ ವರುಷ ಅಕ್ಕ ನಮ್ಮ ಮನೆಗೆ ಬಂದಾಗ ಆ ಪುಟವನ್ನು ತೆರೆದು ಅವಳ ಮುಂದಿಟ್ಟೆವು. ಚಾಡಿಯ ವಿಷಯವನ್ನೂ ಬಾಯಿಬಿಟ್ಟು ಹೇಳಿ ತಪ್ಪಾಯಿತೆಂದೆವು. ಅದು ಅವಳಿಗೆ ಅಂದೇ ತಿಳಿದಿದ್ದಿತಂತೆ. “ನೀನು ಹುಡುಗ, ಬಿಡೋ” ಎಂದಳು. ಕನ್ನಡಕವನ್ನು ಒರೆಸಿಕೊಂಡು ಪುಟವನ್ನು ಎರಡು ಸಲ ಓದಿದಳು. “ಅಪ್ಪ ಬರೆದಿಟ್ಟರು. ಒಂದು ಸಲ ಬಾಯಲ್ಲಿ ಹೇಳಿದ್ದಿದ್ದರೆ ಹಾಡುತ್ತಿದ್ದೆ” ಎಂದಳು. ಅದಕ್ಕೆ ನಮ್ಮಲ್ಲಿ ಯಾವ ಮಾತೂ ಇರಲಿಲ್ಲ.

ವಾಚಕರೆ, ಈಗ ಕಾಲ ಬದಲಾಗಿದೆ. ಕೈಯಲ್ಲಿಯ ಫೋನಿನಲ್ಲಿ ಜಗತ್ತಿನ ಗಾನವೆಲ್ಲ ಅಡಗಿದೆ. ಆಕಾಶವಾಣಿಯೂ 2016ನೆಯ ಜನವರಿ 26ರಂದು ಬೆಂಗಳೂರಿನಿಂದ ‘ರಾಗಂ’ ಎಂಬ ಶಾಸ್ತ್ರೀಯ ಸಂಗೀತದ ವಾಹಿನಿಯನ್ನು ಮೊದಲುಮಾಡಿತು. ಶನಿವಾರದ ತನಕ ಕಾಯಬೇಕಾದ ಕಷ್ಟವೇ ಇಲ್ಲ. ಇದು ಸಾಮಾನ್ಯವಾದ ಭಾಗ್ಯವಲ್ಲ. ನಾವು ಅದನ್ನು ಹಳಿಯುವವರಲ್ಲ. ಆದರೆ ಫೋನು ವಿಧೇಯನಾದ ಸೇವಕ. ನಿನ್ನೆ ಏನು ಮೆಚ್ಚಿದಿರೋ ಅಂಥದನ್ನೇ ಇಂದೂ ತಂದು ಮುಂದಿಡುವುದು. ತಂದೆಗೆ ತಂದೆಯ ಹಾಡು, ಮಗನಿಗೆ ಮಗನ ಹಾಡು. ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ತಂತಿ. ಒಂದೇ ಮನೆಯಲ್ಲಿ ಐವರಿದ್ದರೆ ಐದು ಬಹಿಷ್ಕಾರಗಳು. ತೀರ್ಥರೂಪರು ಒಂದನ್ನೇ ಹಾಕಿದ್ದರು.

ಆದುದರಿಂದ ನಾವು ನಮ್ಮ ಮನೆಯಲ್ಲಿ ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಖರ್ಚಿಲ್ಲದ್ದು, ಬೇಕಾದವರು ಅನುಸರಿಸಬಹುದು. ಶನಿವಾರ ರಾತ್ರಿ ಊಟವಾದ ಮೇಲೆ ಒಂದು ಗಂಟೆ ಎಲ್ಲರೂ ನಡುಮನೆಯಲ್ಲಿ ಸೇರುವುದು. ಪ್ರತಿಯೊಬ್ಬರೂ ಸರದಿಯಂತೆ ಒಂದು ಹಾಡನ್ನು ಉಳಿದವರಿಗೆ ಕೇಳಿಸುವುದು. ನಿಯಮಗಳು ಮೂರೇ: ಉಳಿದವರು ಕೇಳಿರಬಾರದ ಹಾಡಾಗಿರಬೇಕು; ಮುಗಿಯುವ ತನಕ ಯಾರೂ ಮಾತನಾಡಬಾರದು; ಮೆಚ್ಚಿದರೆ ಮನಸ್ಸಿನಲ್ಲಿಟ್ಟುಕೊಳ್ಳದೆ ಬಾಯಿಬಿಟ್ಟು ಹೇಳಬೇಕು. ಮೊದಲ ವಾರ ನಮ್ಮ ಅಳಿಯಂದಿರು ಆಫ್ರಿಕದ ತಂತಿವಾದ್ಯವೊಂದನ್ನು ಕೇಳಿಸಿದರು. ಮನೆಯಾಕೆ ತನ್ನ ತವರಿನ ಸೋಬಾನೆಯ ಪದವನ್ನು ತಾನೇ ಹೇಳಿದಳು. ಮೊಮ್ಮಗಳು ತಂದ ಹಾಡಿನಲ್ಲಿ ನಮಗೆ ಗದ್ದಲವಲ್ಲದೆ ಮತ್ತೇನೂ ತೋರಲಿಲ್ಲ. ಎರಡನೆಯ ಸಲ ಕೇಳಿದಾಗ ಅದರಲ್ಲಿ ತಾಳದ ಚಮತ್ಕಾರವೊಂದು ಕಂಡಿತು, ಹಾಗೆಂದು ಹೇಳಿದೆವು. ಅವಳ ಮುಖವನ್ನು ನೀವು ನೋಡಬೇಕಾಗಿದ್ದಿತು. ಎಲ್ಲವೂ ಮೆಚ್ಚುಗೆಯಾಗಬೇಕೆಂಬ ಕಟ್ಟಳೆಯಿಲ್ಲ. ‘ದೀರ್ಘ’ ಎಂದು ಬರೆದರೂ ಚಿಂತೆಯಿಲ್ಲ. ಮುಂದಿನ ವಾರ ಮತ್ತೆ ಕುಳಿತರೆ ಸಾಕು.

ಕಳೆದ ತಿಂಗಳ ಆ ಶನಿವಾರ ಅಕ್ಕನೂ ನಮ್ಮಲ್ಲಿದ್ದಳು. ಸರದಿ ಬಂದಾಗ ಅವಳು ಹಾಡಲೊಪ್ಪದೆ ಸಂಧ್ಯಾರಾಗದ ಹಾಡನ್ನು ಹಾಕಿಸಿದಳು. ಮೊಮ್ಮಗಳು ಹಳೆಯದೋ ಹೊಸದೋ ಎಂದು ಕೇಳಿದುದು ಅದನ್ನೇ. ಮರುದಿನ ಬೆಳಗ್ಗೆ ಅಕ್ಕ ಹಿತ್ತಿಲಿನಲ್ಲಿ ಬಟ್ಟೆ ಒಣಗಿಸುತ್ತ ಅದರ ಒಂದು ಸಾಲನ್ನು ಮೆಲ್ಲನೆ ಹೇಳಿಕೊಳ್ಳುತ್ತಿದ್ದಳು. ಕಂಠವು ಒಡೆದಿದೆ, ಶ್ರುತಿ ಮಾತ್ರ ತಪ್ಪಿಲ್ಲ. ನಾವು ಈ ಸಲ ಯಾರಿಗೂ ಹೇಳಲು ಓಡಿಹೋಗಲಿಲ್ಲ. ಹಿತ್ತಿಲ ಬಾಗಿಲಿಗೆ ಬಂದು, “ಚೆನ್ನಾಗಿದೆ ಅಕ್ಕ” ಎಂದೆವು. ಅವಳು ತಿರುಗಿ ನೋಡಿ, ನಕ್ಕು, ಮುಂದಿನ ಸಾಲನ್ನು ಎತ್ತಿಕೊಂಡಳು.